ಹೂಂ, ಹೌದಾ, ಅಯ್ಯೋ

ಇಂಗ್ಲೆಂಡಿನ ನಮ್ಮ ರೆಡ್ಡಿಂಗ್ ಊರಿನಲ್ಲಿ ಡಿಸೆಂಬರ್ ಬಂತೆಂದರೆ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. ಅತ್ತೆ ಕೈಕಾಲು ತೊಳೆದು ದೇವರಿಗೆ ದೀಪ ಹಚ್ಚಿಬಿಡುತ್ತಾರೆ. ದೀಪ ಹಚ್ಚಿದ ಮೇಲೆ ಕಸ ಗುಡಿಸುವಂತಿಲ್ಲ, ತಲೆ ಬಾಚುವಂತಿಲ್ಲ, ಉಗುರು ತೆಗೆಯುವಂತಿಲ್ಲ. ಹಾಸನದಲ್ಲಿ ಈ ನಿಷೇಧಾಜ್ಞೆ ಮೂರು ಗಂಟೆ ಹೊತ್ತಿನದು. ಇಲ್ಲಿ ಮಲಗುವ ತನಕ ಏಳು ಗಂಟೆ ಜಾರಿಯಲ್ಲಿರುತ್ತದೆ. ಅಷ್ಟು ಹೊತ್ತು ಮಾಡುವುದೇನು? ಅತ್ತೆ ಮಾವ ಹಾಸನದಿಂದ ಬಂದ ಆರು ತಿಂಗಳ ವೀಸಾದಲ್ಲಿ ಎರಡು ತಿಂಗಳು ಮುಗಿಯುವಷ್ಟರಲ್ಲಿ ಧಾರಾವಾಹಿಗಳೆಲ್ಲ ಬೇಸರ ತರಿಸಿದ್ದವು. ಮಾವನಿಗಂತೂ ಹೊರಗೆ ಹೋದರೆ ಬೋರ್ಡುಗಳ ಜೊತೆಗೇ ಜಗಳ. ಊರಿನ ಹೆಸರನ್ನು ಅವರು ಇವತ್ತಿಗೂ 'ರೀಡಿಂಗ್' ಎಂದೇ ಓದುತ್ತಾರೆ. ಬರೆದದ್ದನ್ನು ಬರೆದ ಹಾಗೆ ಓದಬೇಕು ಎನ್ನುವುದು ಕೋರ್ಟಿನಲ್ಲಿ ಮೂವತ್ತೆರಡು ವರ್ಷ ಗುಮಾಸ್ತಿಕೆ ಮಾಡಿದವರ ನಿಲುವು.

ಹದಿನೇಳರ ಮಗಳು ಒಂದು ಸಂಜೆ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ, "ಅಜ್ಜಿ, ಒಂದು ಕೊಲೆ ಕಂಡುಹಿಡಿಯೋಣ ಬನ್ನಿ" ಎಂದಳು.

"ಇವತ್ತು ಶುಕ್ರವಾರ ಕಣೇ. ಕೊಲೆ ಗಿಲೆ ಏನಿದ್ರೂ ನಾಳೆ."

ಹಾಗಾಗಿ ಶನಿವಾರ ಶುರುವಾಯಿತು. ಆಟದ ಹೆಸರು 'ಹರ್ ಸ್ಟೋರಿ'. ಸ್ಯಾಮ್ ಬಾರ್ಲೋ ಎಂಬ ಇಂಗ್ಲೆಂಡಿನವನು 2015ರಲ್ಲಿ ಮಾಡಿದ್ದು. ಇದರಲ್ಲಿ ಗೊಂಬೆಗಳಿಲ್ಲ, ಬಂದೂಕಿಲ್ಲ, ಓಡುವುದು ಹಾರುವುದು ಇಲ್ಲ. ನಿಜವಾದ ನಟಿಯೊಬ್ಬಳು ಪೊಲೀಸರ ಮೇಜಿನೆದುರು ಕೂತು ಮಾತಾಡುತ್ತಾಳೆ, ಅಷ್ಟೇ. 1994ನೇ ಇಸವಿ. ಸೈಮನ್ ಎಂಬ ಅವಳ ಗಂಡ ಕಾಣೆಯಾಗಿದ್ದಾನೆ. ಏಳು ಸಲ ವಿಚಾರಣೆ ನಡೆದಿದೆ. ಆ ಟೇಪುಗಳನ್ನೆಲ್ಲ ಚೂರುಚೂರು ಮಾಡಿ ಪೊಲೀಸರ ಹಳೇ ಕಂಪ್ಯೂಟರಿನಲ್ಲಿ ತುಂಬಿಟ್ಟಿದ್ದಾರೆ. ನಾವೊಂದು ಪದ ಟೈಪ್ ಮಾಡಿದರೆ, ಅವಳು ಆ ಪದ ಆಡಿದ ಚೂರುಗಳು ಬರುತ್ತವೆ. ಅರವತ್ತಿದ್ದರೂ ತೋರಿಸುವುದು ಮೊದಲ ಐದನ್ನು ಮಾತ್ರ.

"ಸರ್ಕಾರಿ ಕಚೇರಿ ಅಂದ್ರೆ ಎಲ್ಲಾ ಕಡೆ ಒಂದೇ," ಎಂದರು ಮಾವ. ಅವರಿಗೆ ಅದು ಸ್ವಲ್ಪ ಸಮಾಧಾನವನ್ನೇ ಕೊಟ್ಟಂತಿತ್ತು.

ಪರದೆ ತೆರೆದಾಗ ಹುಡುಕುವ ಜಾಗದಲ್ಲಿ ಆಟದವರೇ 'ಮರ್ಡರ್' ಎಂದು ಬರೆದಿಟ್ಟಿರುತ್ತಾರೆ. ಅತ್ತೆಗೆ ಇದು ಸರಿಬರಲಿಲ್ಲ. "ಬಂದು ಕೂತ ತಕ್ಷಣ ಯಾರಾದ್ರೂ ಕೊಲೆ ಅಂತ ಕೇಳ್ತಾರಾ? ಮೊದ್ಲು ಊರು ಯಾವ್ದು, ಅಪ್ಪ ಅಮ್ಮ ಇದಾರಾ, ಮದುವೆ ಯಾವಾಗ ಆಯ್ತು, ಅದನ್ನ ಕೇಳು." ನೆಂಟಸ್ತಿಕೆಯ ಕ್ರಮದಲ್ಲೇ ತನಿಖೆ ಹೊರಟಿತು. ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡಬೇಕು. 'ಅಮ್ಮ', 'ಮದುವೆ' ತನಕ ತೊಂದರೆ ಇರಲಿಲ್ಲ. 'ಬಸಿರು ಬಯಕೆ' ಎಂದಾಗ ತಡವರಿಸಿದಳು. 'ಸವತಿ' ಎಂದಾಗ ನಿಂತೇಬಿಟ್ಟಳು. ಒಂದೇ ಪದ ಬೇಕೆಂದರೆ ಆ ಭಾಷೆ ಇಲ್ಲಿ ಕೈಚೆಲ್ಲುತ್ತದೆ.

"ಇಷ್ಟು ಮುಖ್ಯವಾದ ವಿಷಯಕ್ಕೆ ಹೆಸರೇ ಇಲ್ವಾ? ಮತ್ತೆ ಕೊಲೆ ಹೇಗೆ ಹಿಡೀತಾರೆ ಇವರು?"

ಈ ಆಟದಲ್ಲಿ ಇನ್ನೊಂದು ತಾಪತ್ರಯ. ಪೊಲೀಸಿನವರ ಪ್ರಶ್ನೆ ನಮಗೆ ಕೇಳಿಸುವುದೇ ಇಲ್ಲ. ಇರುವುದೆಲ್ಲ ಅವಳ ಉತ್ತರ. ಅವಳು ಸುಮ್ಮನೆ 'ಇಲ್ಲ' ಎನ್ನುತ್ತಾಳೆ. ಏನಿಲ್ಲ, ಯಾಕಿಲ್ಲ, ನಾವು ತಲೆ ಚಚ್ಚಿಕೊಳ್ಳಬೇಕು. ನಮ್ಮ ಯಜಮಾನರು ಒಂದು ವಾರಾಂತ್ಯವಿಡೀ ಇದರ ಜೊತೆ ಹೋರಾಡಿ ಕೈಬಿಟ್ಟಿದ್ದರು. ಮಗಳು ಎಕ್ಸೆಲ್ ಹಾಳೆಯಲ್ಲಿ ಪಟ್ಟಿ ಮಾಡಿಕೊಂಡಿದ್ದಳು. ಅತ್ತೆ ಮಾತ್ರ ಹುರುಳೀಕಾಯಿ ನಾರು ತೆಗೆಯುತ್ತಾ, ಪರದೆಯ ಕಡೆ ಪೂರ್ತಿ ತಿರುಗದೆ, "ಹಿಂದಿನ ದಿನ ಎಲ್ಲಿದ್ದೆ ಅಂತ ಕೇಳಿದಾರೆ. ಅದಕ್ಕೇ ದನಿ ಇಳಿಸಿದಳು. ಸುಳ್ಳು" ಎನ್ನುವರು. ಮಗಳು ದಿನಾಂಕ ತಾಳೆ ನೋಡಿದರೆ, ಸರಿ!

ನಮಗೆಲ್ಲ ಪವಾಡವೆನಿಸಿತು. ಆಮೇಲೆ ಯೋಚಿಸಿದರೆ ಪವಾಡವೇನೂ ಅಲ್ಲ, ನಲವತ್ತು ವರ್ಷದ ಸಾಧನೆ. ಹಾಸನದ ಮನೆಯ ನಡುಮನೆಯಲ್ಲಿ, ಕ್ರೋಶಾ ಬಟ್ಟೆ ಹೊದಿಸಿದ ಸ್ಟೂಲಿನ ಮೇಲೆ ಕಪ್ಪು ಫೋನು ಇರುತ್ತಿತ್ತು. ಅಕ್ಕಪಕ್ಕದ ನಾಲ್ಕು ಮನೆಯವರಿಗೆಲ್ಲ ಅದೇ ಗತಿ. ಬಂದವರು ಬೆನ್ನು ತಿರುಗಿಸಿ ನಿಂತು, 'ಹೂಂ… ಹೌದಾ… ಯಾವಾಗ… ಅಯ್ಯೋ… ಎಷ್ಟು ತಿಂಗಳು?' ಎಂದು ಮಾತಾಡಿ, ರಿಸೀವರ್ ಇಟ್ಟು, 'ಏನಿಲ್ಲ ರೀ, ಸುಮ್ನೆ ಮಾಡಿದ್ರು' ಎಂದು ಹೊರಡುವರು. ಅಡುಗೆಮನೆಯಲ್ಲಿದ್ದ ಅತ್ತೆಗೆ ಆ ಹೊತ್ತಿಗೆ ಯಾರ ಸೊಸೆ, ಯಾವ ಡಾಕ್ಟರು, ಹೆರಿಗೆ ಯಾವಾಗ, ಎಲ್ಲ ಗೊತ್ತಾಗಿರುತ್ತಿತ್ತು. ಅರ್ಧ ಮಾತಿಗೆ ಇನ್ನರ್ಧ ನೇಯುವ ಈ ವಿದ್ಯೆಗೆ ಮೊಬೈಲು ಬಂದು ಕಲ್ಲು ಹಾಕಿತ್ತು. ಎಲ್ಲರೂ ಅಂಗಳಕ್ಕೆ ಹೋಗಿ ಮಾತಾಡತೊಡಗಿದರು. ಈಗ ಇಷ್ಟು ವರ್ಷದ ಮೇಲೆ, ಏಳು ಸಾವಿರ ಕಿಲೋಮೀಟರಿಗೂ ದೂರದಲ್ಲಿ, ಬ್ರಿಟಿಷ್ ಪೊಲೀಸ್ ಠಾಣೆಯೊಂದು ಅವರಿಗೆ ಮತ್ತೆ ಕೆಲಸ ಕೊಟ್ಟಿದೆ.

ನಟಿಯ ಹೆಸರು ವೀವಾ ಸೈಫರ್ಟ್. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರವಾಗಿ ರಿದಮಿಕ್ ಜಿಮ್ನಾಸ್ಟಿಕ್ಸ್ ಮಾಡಿದವಳು, ಆಮೇಲೆ ಸಂಗೀತಗಾರ್ತಿಯಾದವಳು ಎಂದು ಮಗಳು ತಿಳಿಸಿದಳು. "ಅದಕ್ಕೇ ಬೆನ್ನು ನೆಟ್ಟಗಿಟ್ಟು ಕೂರ್ತಾಳೆ, ನಿನ್ನ ಹಾಗಲ್ಲ," ಎಂದರು ಅತ್ತೆ ನನ್ನನ್ನು ನೋಡಿ. ಚಿತ್ರ ಮಸುಕು ಮಸುಕಾಗಿರುವುದಕ್ಕೂ ಕಾರಣವಿದೆ. ಬಾರ್ಲೋ ತಾನು ತೆಗೆದದ್ದನ್ನು ಬೇಕೆಂದೇ ವಿಎಚ್‌ಎಸ್ ಯಂತ್ರದ ಮೂಲಕ ಹಾಯಿಸಿದನಂತೆ, ಹಳೆಯದರ ಹಾಗೆ ಕಾಣಲಿ ಎಂದು. ನಮ್ಮ ಮದುವೆಯ ಕ್ಯಾಸೆಟ್ ತಾನಾಗಿಯೇ ಹಾಗಾಗಿದೆ. ಅದಕ್ಕೆ ಯಾರೂ ಪ್ರಶಸ್ತಿ ಕೊಡಲಿಲ್ಲ. ಈ ಆಟಕ್ಕೆ 2016ರಲ್ಲಿ ಮೂರು ಬಾಫ್ತಾ ಬಂದವು.

ಒಂದು ರಾತ್ರಿ ಅತ್ತೆ ಥಟ್ಟನೆ ಹಿಂದೆ ತಿರುಗಿ ನೋಡಿದರು. "ಯಾರೋ ಕೂತಿದಾರೆ!" ಆಟದ ಒಳಗಿನ ಟ್ಯೂಬ್‌ಲೈಟು ಮಿಣುಕಿದಾಗ ಪರದೆಯ ಗಾಜಿನಲ್ಲಿ ಒಂದು ಮುಖದ ನೆರಳು ಕಾಣುತ್ತದೆ. ಆ ಹಳೇ ಕಂಪ್ಯೂಟರಿನ ಮುಂದೆ ಕೂತವರು ಯಾರು ಎನ್ನುವುದೇ ಕಥೆಯ ಗುಟ್ಟು, ನಾನು ಹೇಳುವುದಿಲ್ಲ. ಅತ್ತೆ ಅದನ್ನೂ ಮೂರನೆಯ ದಿನಕ್ಕೆ ಹೇಳಿಬಿಟ್ಟರು. "ಪೊಲೀಸಿನವರಾಗಿದ್ರೆ ಇಷ್ಟು ಹೊತ್ತು ಕಣ್ಣೆವೆ ಮುಚ್ಚದೆ ಕೂರ್ತಿದ್ರಾ? ಇದು ಮನೆಯವರೇ."

ಮಾವನ ತಕರಾರು ಬೇರೆ. ಪೊಲೀಸರ ಮುಂದೆ ಅವಳು ತಪ್ಪೊಪ್ಪಿಕೊಂಡರೂ ಪ್ರಯೋಜನವಿಲ್ಲ, ಸಾಕ್ಷ್ಯ ಅಧಿನಿಯಮ 1872, ಕಲಮು 25, ಪೊಲೀಸ್ ಅಧಿಕಾರಿಗೆ ಕೊಟ್ಟ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ನಡೆಯುವುದಿಲ್ಲ. "ಅದು ಇಂಡಿಯಾದ ಕಾನೂನು ತಾತ, ಇವಳು ಇಂಗ್ಲೆಂಡಿನವಳು" ಎಂದರೆ, ಬರೆದವರು ಇಂಗ್ಲಿಷಿನವರೇ ತಾನೇ ಎನ್ನುವರು. 2024ರ ಜುಲೈ 1ರಿಂದ ಹೊಸ ಕಾನೂನು ಬಂದು ಆ ಕಲಮು 23 ಆಗಿದೆಯೆಂದು ಇವರು ಫೋನ್ ನೋಡಿ ಹೇಳಿದಾಗ ಎರಡು ದಿನ ಮಗನ ಹತ್ತಿರ ಮಾತು ಬಿಟ್ಟರು. ಕೊನೆಯಲ್ಲಿ ನ್ಯಾಯಾಧೀಶರೂ ಇಲ್ಲ, ತೀರ್ಪೂ ಇಲ್ಲ, ಆಟ 'ನಿನಗೆ ಅರ್ಥವಾಯಿತೇ' ಎಂಬರ್ಥದಲ್ಲಿ ಒಂದು ಮಾತು ಕೇಳಿ ಸುಮ್ಮನಾಗುತ್ತದೆ ಎಂದು ತಿಳಿದ ಮೇಲಂತೂ ಅವರು ತನಿಖೆಯಿಂದಲೇ ಹೊರನಡೆದರು. ಆ ಕಂಪ್ಯೂಟರಿನ ಕಸದ ಬುಟ್ಟಿಯೊಳಗೆ ಬಿಲ್ಲೆಗಳನ್ನು ಮಗುಚುವ ಒಂದು ಪುಟ್ಟ ಆಟ ಅಡಗಿದೆ. ಮಾವ ಹುಲಿಘಟ್ಟ ಆಡಿ ಬೆಳೆದವರು. ಎಲ್ಲರೂ ಮಲಗಿದ ಮೇಲೆ ಅದನ್ನು ಆಡುತ್ತಾ ಕೂರುವುದು ಅಭ್ಯಾಸವಾಯಿತು.

ಇದೇ ವಾರದಲ್ಲಿ ನಮ್ಮ ಮನೆಯಲ್ಲಿ ಪೇಡೆ ಕಾಣೆಯಾಯಿತು.

ಧಾರವಾಡ ಪೇಡೆ. ಹಾಲಿನ ಪದಾರ್ಥವನ್ನು ಈ ದೇಶಕ್ಕೆ ತರುವಂತಿಲ್ಲವೆಂಬ ನಿಯಮ ಅತ್ತೆಗೆ ಗೊತ್ತಾದದ್ದು ಬಂದಿಳಿದ ಮೇಲೆ. ಹೀಗಾಗಿ ಆ ಡಬ್ಬ ಮೊದಲ ದಿನದಿಂದಲೇ ತಲೆಮರೆಸಿಕೊಂಡಿತ್ತು, ಅಕ್ಕಿ ಡ್ರಮ್ಮಿನ ಹಿಂದೆ. ಮಾವನಿಗೆ ಸಕ್ಕರೆ ಕಾಯಿಲೆ ಇರುವುದು ಇನ್ನೊಂದು ಕಾರಣ. ಸಂಕ್ರಾಂತಿಗೆಂದು ಎಣಿಸಿಟ್ಟ ಇಪ್ಪತ್ತೈದರಲ್ಲಿ ಈಗ ಮೂರು ಉಳಿದಿದ್ದವು. ಪೊಲೀಸರಿಗೆ ದೂರು ಕೊಡುವ ಹಾಗೂ ಇಲ್ಲ.

ಅತ್ತೆ ಯಾರನ್ನೂ ಏನೂ ಕೇಳಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಮರುದಿನ ನಮ್ಮಮ್ಮ ಫೋನ್ ಮಾಡಿದಳು. ಎಂದಿನಂತೆ ಹಿತ್ತಿಲಿಗೆ ಹೋಗೋಣವೆಂದರೆ ಹೊರಗೆ ಸೊನ್ನೆ ಡಿಗ್ರಿ. ಕಿಟಕಿ ಕಡೆ ತಿರುಗಿ ನಿಂತು ಮಾತಾಡಿದೆ. "ಹೂಂ… ಇಲ್ಲಮ್ಮ, ಈಗ ಪರವಾಗಿಲ್ಲ… ರಾತ್ರಿ… ಅಯ್ಯೋ, ಒಟ್ಟಿಗೆ ಅಲ್ಲ… ಹನ್ನೊಂದೇ… ಹೂಂ, ಕುಡೀತೀನಿ… ಛೇ, ಹೇಗೆ ಹೇಳ್ಲಿ?" ಫೋನ್ ಇಟ್ಟು, "ಏನಿಲ್ಲ, ಸುಮ್ನೆ ಮಾಡಿದ್ರು" ಎಂದೆ.

ಅತ್ತೆ ಹುರುಳೀಕಾಯಿಯಿಂದ ತಲೆ ಎತ್ತಲಿಲ್ಲ. "ನಿಮ್ಮಮ್ಮ ಹೇಳಿದ್ದು ಸರಿ. ಓಮಿನ ನೀರು ಕುಡಿ, ಹೊಟ್ಟೆ ಉಬ್ಬರ ಇಳಿಯುತ್ತೆ."

ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಬೆನ್ನು ನೆಟ್ಟಗಿತ್ತು.

"ಹನ್ನೊಂದು ನೀನು. ಸರಿ, ಮನೆ ಸೊಸೆ, ತಿನ್ನಬೇಕಾದ್ದೇ. ನನಗೆ ಲೆಕ್ಕ ಹತ್ತದೇ ಇರೋದು ಅದಲ್ಲ." ನಾರನ್ನು ಬೆರಳಿಗೆ ಸುತ್ತಿಕೊಂಡರು. "ಇಪ್ಪತ್ತೈದರಲ್ಲಿ ಹನ್ನೊಂದು ಹೋದ್ರೆ ಹದಿನಾಲ್ಕು ಇರಬೇಕು. ಇರೋದು ಮೂರು. ಇನ್ನು ಹನ್ನೊಂದು?"

ನಡುಮನೆಯಲ್ಲಿ ಬಿಲ್ಲೆ ಮಗುಚುವ ಸದ್ದು ನಿಂತಿತು.

"ಪೊಲೀಸರ ಮುಂದೆ ಹೇಳಿದ್ದು ನಡೆಯಲ್ಲ," ಎಂದರು ಮಾವ, ಸ್ವಲ್ಪ ಜೋರಾಗಿಯೇ. "ಕಲಮು ಇಪ್ಪತ್ತೈದು."

ಅವರನ್ನು ಇನ್ನೂ ಯಾರೂ ಏನೂ ಕೇಳಿರಲಿಲ್ಲ.