ಹಂಗಲ್ಲ, ಹಂಗಾಗಲಿಲ್ಲ

ಆಡುವವನು ಕೀಲಿ ಒತ್ತಿ ನಾಯಕನನ್ನು ಓಡಿಸಿದಷ್ಟೇ ಮುಂದೆ ಸಾಗುವ, ಓಡಿಸದಿದ್ದರೆ ನಿಂತಲ್ಲೇ ನಿಲ್ಲುವ ಕಥೆಯುಳ್ಳ ವಿಡಿಯೊ ಗೇಮನ್ನು ಸಾಹಸಕಥನದ ಆಟವೆಂದೂ, ಅದು ಚೆನ್ನಾಗಿ ಮಾರಾಟವಾಯಿತೆಂಬ ಒಂದೇ ಕಾರಣಕ್ಕೆ ಮುಗಿದ ಕಥೆಗೆ ಬಾಲ ಕಟ್ಟಿ ಹೊರತರುವ ಇನ್ನೊಂದು ಆಟವನ್ನು ಉತ್ತರಭಾಗವೆಂದೂ, ಎರಡನ್ನೂ ಆಡಿ ಮುಗಿಸಿ ಇಪ್ಪತ್ತು ವರ್ಷ ಕಳೆದ ಮೇಲೂ ಅವುಗಳ ತಾರತಮ್ಯವನ್ನು ಸಿಕ್ಕಸಿಕ್ಕವರಿಗೆ ವಿವರಿಸುವ ಮನುಷ್ಯನನ್ನು ಸರಣಿಭಕ್ತನೆಂದೂ ಕರೆಯಬಹುದು. ಬೆಳಗಾವಿಯಲ್ಲಿ ಈ ವರ್ಗದವರು ಈಗ ನಲವತ್ತರ ಹೊಸ್ತಿಲಲ್ಲಿದ್ದಾರೆ. ಊರಿನ ಹೆಸರು ಇನ್ನೂ ಬೆಳಗಾಂ ಎಂದಿದ್ದ ಕಾಲದಲ್ಲಿ ಟಿಳಕವಾಡಿಯ ಬಾಡಿಗೆ ಕೋಣೆಗಳಲ್ಲಿಯೂ ಉದ್ಯಮಬಾಗದ ಆಸುಪಾಸಿನ ಸೈಬರ್ ಕೆಫೆಗಳಲ್ಲಿಯೂ ಇಂಜಿನಿಯರಿಂಗ್ ಓದಿದವರು, ಅಥವಾ ಓದಬೇಕಾದ ಹೊತ್ತಿನಲ್ಲಿ ಅಲ್ಲಿ ಇದ್ದವರು. ಪ್ರಸ್ತುತ ಲೇಖಕನಿಗೆ ಪರಿಚಯವಿರುವ ಮಾದರಿ ಒಂದೇ ಒಂದು. ಆದರೆ ಅದು ಹತ್ತು ಮಾದರಿಗಳಷ್ಟು ಮಾತಾಡುವುದರಿಂದ ಸಾಮಾನ್ಯ ನಿಯಮಗಳನ್ನು ರೂಪಿಸಲು ಧಾರಾಳವಾಗಿ ಸಾಕಾಗುತ್ತದೆ.

ಈ ಮಾದರಿಯ ಆರಾಧ್ಯ ಸರಣಿ 'ಪ್ರಿನ್ಸ್ ಆಫ್ ಪರ್ಷಿಯಾ'. ಅಮೆರಿಕದ ಜೋರ್ಡನ್ ಮೆಕ್ನರ್ ಎಂಬ ತರುಣ 1989ರಲ್ಲಿ ಆಪಲ್ 2 ಗಣಕಕ್ಕೆಂದು ಮೊದಲ ಆಟವನ್ನು ರಚಿಸುವಾಗ ತನ್ನ ತಮ್ಮನನ್ನು ಓಡಿಸಿ, ಜಿಗಿಸಿ, ವಿಡಿಯೊ ತೆಗೆದು, ಆ ಚಿತ್ರಗಳ ಅಂಚನ್ನೇ ಅನುಸರಿಸಿ ರಾಜಕುಮಾರನ ಚಲನೆಯನ್ನು ಬಿಡಿಸಿದ. ಹೀಗೆ ನಿಜದ ಮನುಷ್ಯನ ಚಲನೆಯ ಮೇಲೆ ಚಿತ್ರ ಬರೆಯುವುದಕ್ಕೆ ರೋಟೊಸ್ಕೋಪಿಂಗ್ ಎನ್ನುತ್ತಾರೆ. ಅರವತ್ತು ನಿಮಿಷದೊಳಗೆ ಕತ್ತಲಕೋಣೆಗಳನ್ನು ದಾಟಿ ರಾಜಕುಮಾರಿಯನ್ನು ಬಿಡಿಸಬೇಕೆಂಬುದು ಅದರ ನಿಯಮ. ಗಣಕದ ನೆನಪಿನ ಕೋಶದಲ್ಲಿ ಇನ್ನೊಂದು ಪಾತ್ರಕ್ಕೆ ಜಾಗವಿಲ್ಲದಾದಾಗ ರಾಜಕುಮಾರನ ಚಿತ್ರವನ್ನೇ ಬಣ್ಣಗೆಡಿಸಿ ಕನ್ನಡಿಯಿಂದ ಹೊರಬರುವ ನೆರಳಿನ ಶತ್ರುವನ್ನು ಮಾಡಿದ್ದು ಮೆಕ್ನರನ ಜಾಣತನವಾದರೆ, ಅದನ್ನು ಹೇಳುವಾಗ ಪ್ರತಿ ಸಲವೂ ಧ್ವನಿ ತಗ್ಗಿಸಿ, ಬಡತನದಿಂದಲೇ ಕಲೆ ಹುಟ್ಟುತ್ತದೆ ಎಂಬ ಅರ್ಥದ ಮುಖಮಾಡುವುದು ಸರಣಿಭಕ್ತನ ಪದ್ಧತಿ. ನಿಜಕ್ಕೂ ಆ ಮೊದಲ ಆಟವನ್ನು ಅವನು ಮೂರನೆಯ ಹಂತದಿಂದ ಮುಂದೆ ಆಡಿಲ್ಲವೆಂಬುದು ಬಹಳ ತಡವಾಗಿ ಹೊರಬಿದ್ದ ಸಂಗತಿ.

ಅವನ ಭಕ್ತಿಯ ಮೂಲವಿಗ್ರಹ ಇರುವುದು 2003ರಲ್ಲಿ ಯೂಬಿಸಾಫ್ಟ್ ಕಂಪನಿಯ ಮಾಂಟ್ರಿಯಲ್ ಶಾಖೆ ಹೊರತಂದ 'ದ ಸ್ಯಾಂಡ್ಸ್ ಆಫ್ ಟೈಮ್' ಎಂಬ ಆಟದಲ್ಲಿ. ಇದರ ಕಥೆಯನ್ನೂ ಮೆಕ್ನರನೇ ಬರೆದ. ಭಾರತದ ಮಹಾರಾಜನೊಬ್ಬನ ಕೋಟೆಯನ್ನು ಲೂಟಿ ಮಾಡುವಾಗ ರಾಜಕುಮಾರನ ಕೈಗೆ ಕಾಲವನ್ನೇ ಹಿಂದಕ್ಕೆ ಎಳೆಯಬಲ್ಲ ಕಠಾರಿಯೊಂದು ಸಿಗುತ್ತದೆ. ಕಂದಕಕ್ಕೆ ಬಿದ್ದರೆ ಆಡುವವನು ಒಂದು ಕೀಲಿ ಒತ್ತಿದರಾಯಿತು, ರಾಜಕುಮಾರ ಬಿದ್ದ ದಾರಿಯಲ್ಲೇ ಮೇಲಕ್ಕೆ ತೇಲಿ ಬಂದು ಜಿಗಿಯುವ ಮುಂಚಿನ ಜಾಗದಲ್ಲಿ ನಿಲ್ಲುತ್ತಾನೆ. ಇಡೀ ಆಟವನ್ನು ರಾಜಕುಮಾರನೇ ಯಾರಿಗೋ ಹೇಳುತ್ತಿರುವ ಕಥೆಯಾಗಿ ಹೆಣೆದಿರುವುದರಿಂದ, ಕಠಾರಿಗೆ ಈ ಶಕ್ತಿ ಕೊಡುವ ಮರಳು ಮುಗಿದು ಅವನು ಸತ್ತೇಹೋದರೆ, ಇಲ್ಲ ಇಲ್ಲ, ಹಾಗಾಗಲಿಲ್ಲ ಎಂದು ಕಥೆಗಾರನ ದನಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಸೂತಪುರಾಣಿಕರ ಕಾಲದಿಂದ ಕಥೆಯೊಳಗೆ ಕಥೆ ಕೇಳಿದ ನಾಡಿನವರಿಗೆ ಇದು ಹೊಸ ತಂತ್ರವೇನಲ್ಲ. ಆದರೆ ಸತ್ತ ನಾಯಕನಿಂದಲೇ ತಿದ್ದುಪಡಿ ಕೊಡಿಸುವ ಧೈರ್ಯ ಯಾವ ಪುರಾಣಿಕರಿಗೂ ಬಂದಿರಲಿಲ್ಲವೆಂಬುದನ್ನು ಒಪ್ಪಬೇಕು. ತೊಂದರೆಯೆಂದರೆ, ಆಟದಲ್ಲಿ ಚಂದವಾಗಿ ಕಾಣುವ ಈ ಗುಣವನ್ನು ಸರಣಿಭಕ್ತ ತನ್ನ ಸಂಭಾಷಣೆಗೂ ಅಳವಡಿಸಿಕೊಂಡಿದ್ದಾನೆ.

ಇದರ ಪೂರ್ಣ ಪರಿಣಾಮ ತಿಳಿದದ್ದು ಖಾನಾಪುರದ ಒಂದು ಮದುವೆಗೆ ಪ್ರಸ್ತುತ ಲೇಖಕ ಅವನೊಂದಿಗೆ ಪ್ಯಾಸೆಂಜರ್ ಗಾಡಿಯಲ್ಲಿ ಹೊರಟ ದಿನ. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 25 ಕಿ.ಮೀ. ದಾರಿ, ನಡುವೆ ದೇಸೂರು, ಇದಲಹೊಂಡ ಎಂಬ ಎರಡು ಸಣ್ಣ ನಿಲ್ದಾಣಗಳು, ಯಾವ ಕಥೆಯನ್ನಾದರೂ ಹೇಳಿ ಮುಗಿಸಲು ಹದವಾದ ಅಂತರ. ದೇಸೂರು ಬರುವಷ್ಟರಲ್ಲಿ ಮಹಾರಾಜನ ಕೋಟೆ ಬಿದ್ದಿತ್ತು. ಇದಲಹೊಂಡದಲ್ಲಿ ವಜೀರನ ಮಾತು ನಂಬಿದ ರಾಜಕುಮಾರ ದೊಡ್ಡ ಮರಳುಗಡಿಯಾರವನ್ನು ತೆರೆದು, ಅರಮನೆಯವರೆಲ್ಲ ಮರಳಿನ ಪಿಶಾಚಿಗಳಾಗಿ, ಕಥೆ ಒಂದು ಹದಕ್ಕೆ ಬಂದಿತ್ತು. ಅಷ್ಟರಲ್ಲಿ ಭಕ್ತ ಹಣೆ ಬಡಿದುಕೊಂಡು, "ಹಂಗಲ್ಲ, ಹಂಗಾಗಲಿಲ್ಲ, ಆಕೀ ಕೊಳ್ಳಾಗ ಒಂದು ಪದಕ ಇತ್ತು, ಅದನ್ನ ಮೊದ್ಲ ಹೇಳಬೇಕಿತ್ತು ನೋಡ್ರಿ" ಎಂದ. ಆಕೆ ಎಂದರೆ ಮಹಾರಾಜನ ಮಗಳು ಫರಾಹ್. ಆ ಪದಕವಿದ್ದುದರಿಂದಲೇ ಆಕೆ ಮರಳಾಗಲಿಲ್ಲ. ಆದ್ದರಿಂದ ಕಥೆ ಮತ್ತೆ ಮಹಾರಾಜನ ಕೋಟೆಗೆ ಹೋಯಿತು. ಗಾಡಿ ಮಾತ್ರ ದೇಸೂರಿಗೆ ಹೋಗದೆ ತನ್ನ ಪಾಡಿಗೆ ಮುಂದೆ ಹೊರಟಿತು. ಕಥೆ ಎರಡನೆಯ ಸಲ ಮರಳುಗಡಿಯಾರ ತಲುಪಿದಾಗ ಎದುರಿನ ಸೀಟಿನಲ್ಲಿ ಮಡಿಲಲ್ಲಿ ಚೀಲ ಇಟ್ಟುಕೊಂಡು ಕುಳಿತಿದ್ದ ಅಜ್ಜಿಯೊಬ್ಬಳು, ಅಷ್ಟು ದೊಡ್ಡ ಗಡಿಯಾರಕ್ಕೆ ಕೀಲಿಯನ್ನೇಕೆ ಹಾಕಿರಲಿಲ್ಲ ಎಂದು ಕೇಳಿದಳು. ಇಪ್ಪತ್ತು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಭಕ್ತ ಆನಂದದಿಂದ ಆಕೆಯ ಕಡೆ ತಿರುಗಿ ಕುಳಿತ, ವಿವರಣೆ ಬೆಳೆಯಿತು, ಕಿಟಕಿಯಾಚೆ ಯಾವುದೋ ನಿಲ್ದಾಣ ಬಂತು, ಜನ ಇಳಿದರು, ಹತ್ತಿದರು. ಕತ್ತಲೆಗೆ ಹೆದರಿದಾಗ ಹೇಳಿಕೊಳ್ಳಲೆಂದು ತಾಯಿ ಕಲಿಸಿದ 'ಕಾಕೊಲೂಕಿಯ' ಎಂಬ ಗುಟ್ಟಿನ ಮಾತನ್ನು ಫರಾಹ್ ರಾಜಕುಮಾರನಿಗೆ ತಿಳಿಸುವ ಪ್ರಸಂಗ ನಡೆಯುತ್ತಿದ್ದಾಗ ಹೊರಗೆ ಕಾಡು ದಟ್ಟವಾಗುತ್ತಿರುವುದು ಗಮನಕ್ಕೆ ಬಂತು. ಖಾನಾಪುರದಲ್ಲಿ ಅಂಥ ಕಾಡಿಲ್ಲ. ಗುಂಜಿಯೂ ದಾಟಿ ಲೋಂಡಾ ಜಂಕ್ಷನ್ ಹತ್ತಿರವಾಗಿತ್ತು.

ಅಕ್ಕಿಕಾಳು ಬೀಳುವ ಹೊತ್ತಿಗೆ ಮದುವೆಯ ಇಬ್ಬರು ಅತಿಥಿಗಳು ಲೋಂಡಾದ ಪ್ಲಾಟ್‌ಫಾರ್ಮಿನಲ್ಲಿ ಬಟಾಟೆವಡಾ ತಿನ್ನುತ್ತ, ಹಿಂದಿರುಗುವ ಗಾಡಿಗಾಗಿ ಕಾಯುತ್ತಿದ್ದರು. ಸಾಮಾನ್ಯ ಮನುಷ್ಯ ಇಂಥ ಸಮಯದಲ್ಲಿ ನಾಚಿಕೆಯಿಂದ ಸುಮ್ಮನಾಗುತ್ತಾನೆ. ಸರಣಿಭಕ್ತ ಗಡಿಯಾರ ನೋಡಿ, ಎರಡನೆಯ ಭಾಗಕ್ಕೆ ಸಾಕಷ್ಟು ಸಮಯವಿದೆಯೆಂದು ಖಚಿತಪಡಿಸಿಕೊಂಡ.

ಎರಡನೆಯ ಭಾಗವಾದ 'ವಾರಿಯರ್ ವಿದಿನ್' ಬಂದದ್ದು ಮರುವರ್ಷವೇ, 2004ರಲ್ಲಿ. ಅದರಲ್ಲಿ ಕಾಲದ ಜೊತೆ ಆಟವಾಡಿದ ತಪ್ಪಿಗೆ ದಹಾಕಾ ಎಂಬ ಕರಿಯ ಭೂತ ರಾಜಕುಮಾರನನ್ನು ಬೆನ್ನಟ್ಟುತ್ತದೆ. ಮಾತಿನಲ್ಲಿ ತುಸು ಜಂಬವೂ ತುಂಟತನವೂ ಇದ್ದ ಹುಡುಗ ಇಲ್ಲಿ ಗಡುಸು ದನಿಯ, ಹುಬ್ಬುಗಂಟಿನ ಕಾಳಗದವನಾಗಿದ್ದಾನೆ. ಹಿನ್ನೆಲೆಯಲ್ಲಿ ಗಿಟಾರುಗಳು ಕಿರುಚುತ್ತವೆ. ಈ ಭಾಗದಲ್ಲಿ ಕೈಯಾಡಿಸದ ಮೆಕ್ನರ್ ಅದರ ಹಿಂಸೆ ತನಗೆ ಹಿಡಿಸಲಿಲ್ಲವೆಂದು ಬಹಿರಂಗವಾಗಿಯೇ ಹೇಳಿದ. ಭಕ್ತನಿಗೆ ಈ ಹೇಳಿಕೆ ಶ್ರುತಿವಾಕ್ಯ. ಹಾಗಿದ್ದೂ, ಎರಡನೆಯ ಭಾಗವನ್ನು ಅವನು ನಾಲ್ಕು ಸಲ ಆಡಿ ಮುಗಿಸಿದ್ದಾನೆ, ಮೆಚ್ಚಿದ ಮೊದಲನೆಯದನ್ನು ಎರಡೇ ಸಲ. ಕಾರಣ ಕೇಳಿದರೆ ಬೈಯಬೇಕಾದರೆ ಸರಿಯಾಗಿ ಓದಿಕೊಂಡಿರಬೇಕು ಎನ್ನುತ್ತಾನೆ. ವಿಮರ್ಶಕರಿಗೂ ಅನ್ವಯಿಸಬಹುದಾದ ತತ್ವ.

ಉತ್ತರಭಾಗಗಳ ಬಗೆಗಿನ ಈ ತಾತ್ಸಾರ ಗಣಕದೊಂದಿಗೆ ಹುಟ್ಟಿದ್ದಲ್ಲವೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ಬಾಣನ ಕಾದಂಬರಿಯನ್ನು ಮಗ ಮುಗಿಸಿದ, ಜಿನಸೇನರ ಮಹಾಪುರಾಣವನ್ನು ಶಿಷ್ಯ ಗುಣಭದ್ರರು ಉತ್ತರಪುರಾಣ ಬರೆದು ಪೂರೈಸಿದರು. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿ ಮುಂದುವರಿಸಿದ. ಗದುಗಿನ ಭಾರತವನ್ನು ಊರೂರಲ್ಲಿ ಹಾಡಿದವರು ತಿಮ್ಮಣ್ಣನನ್ನು ಎಷ್ಟು ಹಾಡಿದರು? ಅವನ ತಪ್ಪು ಕೆಟ್ಟದಾಗಿ ಬರೆದದ್ದಲ್ಲ, ಎರಡನೆಯವನಾಗಿ ಬರೆದದ್ದು. ಈ ವಿಚಾರವನ್ನು ಲೋಂಡಾದಲ್ಲಿ ಮಂಡಿಸಿದಾಗ ಭಕ್ತ ಬಹಳ ಹೊತ್ತು ಯೋಚಿಸಿ, ತಿಮ್ಮಣ್ಣ ಕನಿಷ್ಠ ಧರ್ಮರಾಯನಿಗೆ ಗಿಟಾರು ಹಿನ್ನೆಲೆ ಹಾಕಿರಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡ.

ಉಳಿದ ಭಾಗಗಳ ಮೇಲಿನ ಅವನ ತೀರ್ಪುಗಳು ಚುಟುಕಾಗಿವೆ. 2005ರ 'ದ ಟೂ ಥ್ರೋನ್ಸ್' ಫರಾಹಳನ್ನು ಮರಳಿ ತಂದದ್ದರಿಂದ ಕ್ಷಮಾರ್ಹ. 2008ರಲ್ಲಿ ಕಥೆಯನ್ನು ಬೇರೆ ನಾಯಕನಿಂದ ಹೊಸದಾಗಿ ಆರಂಭಿಸಿದರು. ಹೀಗೆ ಹಳೆಯ ಲೆಕ್ಕ ಅಳಿಸಿ ಮತ್ತೆ ಶ್ರೀಕಾರ ಹಾಕುವುದಕ್ಕೆ ರೀಬೂಟ್ ಎನ್ನುತ್ತಾರೆ. ಅದರಲ್ಲಿ ನಾಯಕ ಬಿದ್ದಾಗಲೆಲ್ಲ ಎಲಿಕಾ ಎಂಬ ಹುಡುಗಿ ಕೈಹಿಡಿದು ಎತ್ತುವುದರಿಂದ ಅವನು ಸಾಯುವುದೇ ಇಲ್ಲ. ಸಾವಿಲ್ಲದ ಮನೆಯ ಸಾಸಿವೆಯಂಥ ಆಟವೆಂದು ಭಕ್ತ ಅದನ್ನು ತಳ್ಳಿಹಾಕಿದ. 2010ರ ಹಾಲಿವುಡ್ ಸಿನಿಮಾದ ಹೆಸರೆತ್ತಿದರೆ ಎದ್ದು ನೀರು ಕುಡಿಯಲು ಹೋಗುತ್ತಾನೆ.

ಭಕ್ತಿಯ ಇನ್ನೊಂದು ಲಕ್ಷಣ ಕಣ್ಣಿನ ರೋಗದಂತಿದೆ. ಗೋಡೆಯ ಮೇಲೆ ಅಡ್ಡಲಾಗಿ ಓಡಿ, ಅಂಚು ಹಿಡಿದು ಜೋತಾಡುವ ಆಟವನ್ನು ವರ್ಷಗಟ್ಟಲೆ ಆಡಿದವನಿಗೆ ಯಾವ ಕಟ್ಟಡವೂ ಕಟ್ಟಡವಾಗಿ ಕಾಣುವುದಿಲ್ಲ. ಬೆಳಗಾವಿ ಕೋಟೆಯ ಕಂದಕದ ಪಕ್ಕದಲ್ಲಿ ಹೋಗುವಾಗ ಅವನು ಅಗಲವನ್ನು ಕಣ್ಣಲ್ಲೇ ಅಳೆಯುತ್ತಾನೆ. 1204ರಷ್ಟು ಹಳೆಯ ಕಮಲ ಬಸದಿಯಲ್ಲಿ ಎಲ್ಲರೂ ಛಾವಣಿಯ ಕಮಲವನ್ನು ನೋಡುತ್ತಿದ್ದರೆ ಇವನು ಅದಕ್ಕೆ ನೇತಾಡಬಹುದೇ ಎಂದು ನೋಡುತ್ತಾನೆ. ತಪ್ಪಿದ ಮದುವೆಯ ಪ್ರಾಯಶ್ಚಿತ್ತವಾಗಿ ಒಮ್ಮೆ ಖಾನಾಪುರ ತಾಲ್ಲೂಕಿನ ಹಲಸಿಗೆ ಬೈಕಿನಲ್ಲಿ ಕರೆದೊಯ್ದ. ಅಲ್ಲಿಯ ಭೂವರಾಹ ನರಸಿಂಹ ದೇವಾಲಯದ ಮೆಟ್ಟಿಲುಮೆಟ್ಟಿಲಾಗಿ ಏರುವ ಕದಂಬ ಶಿಖರದ ಮುಂದೆ ಅವನು ಬಾಯಿ ತೆರೆದು ನಿಂತ ರೀತಿಗೆ, ಕೊನೆಗೂ ಇತಿಹಾಸ ಇವನನ್ನು ಮುಟ್ಟಿತೆಂದು ಪ್ರಸ್ತುತ ಲೇಖಕ ಹರ್ಷಿಸಿ, ಗೋವೆಯ ಕದಂಬರ ಬಗ್ಗೆ ಚಿಕ್ಕ ಉಪನ್ಯಾಸವನ್ನೇ ಆರಂಭಿಸಿದ. ಭಕ್ತ ಕೇಳುತ್ತಿರಲಿಲ್ಲ, ತೋರುಬೆರಳಿನಿಂದ ಗಾಳಿಯಲ್ಲಿ ಒಂದು ದಾರಿ ಬರೆಯುತ್ತಿದ್ದ, ಅಧಿಷ್ಠಾನದಿಂದ ಕಪೋತಕ್ಕೆ, ಕಪೋತದಿಂದ ಮೂರನೆಯ ಸಾಲಿಗೆ. ಹೂ ಹಿಡಿದು ಬಂದ ಮುದುಕಿಯೊಬ್ಬಳು, "ಯಾಕ ತಮ್ಮಾ ಮ್ಯಾಲ ನೋಡ್ಕೋತ ನಿಂತಿ, ದೇವರು ಒಳಗದಾನ" ಎಂದಾಗಲೇ ಅವನು ಇಳಿದದ್ದು. ಇಳಿದ ಎನ್ನುವುದೇ ಸರಿಯಾದ ಮಾತು.

ಇಷ್ಟೆಲ್ಲ ಇದ್ದರೂ ಅವನ ಮೇಲೆ ಸಿಟ್ಟು ಉಳಿಯದಂತೆ ಮಾಡಿದ್ದು ಪುಣೆಯ ಪ್ರಸಂಗ. 2003ರ ಆಟವನ್ನು ಹೊಸ ಯಂತ್ರಗಳಿಗೆ ತಕ್ಕಂತೆ ಮೊದಲಿನಿಂದ ಕಟ್ಟುವ ಕೆಲಸ, ಅಂದರೆ ಮರುನಿರ್ಮಾಣ, ಯೂಬಿಸಾಫ್ಟಿನ ಪುಣೆ ಮತ್ತು ಮುಂಬೈ ಶಾಖೆಗಳಲ್ಲಿ ನಡೆಯುತ್ತಿದೆಯೆಂದು 2020ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಬೆಳಗಾವಿಯವರಿಗೆ ಪುಣೆ ಎಂದರೆ ಪರ ಊರಲ್ಲ. ಪ್ರತಿ ಓಣಿಯ ಒಬ್ಬನಾದರೂ ಅಲ್ಲಿ ನೌಕರಿಯಲ್ಲಿರುತ್ತಾನೆ, ಪ್ರತಿ ರಾತ್ರಿ ಬಸ್ಸುಗಳು ಅಲ್ಲಿಗೆ ಕುಂದಾದ ಡಬ್ಬಿಗಳನ್ನು ಹೊತ್ತೊಯ್ಯುತ್ತವೆ. ಮಹಾರಾಜನ ಕೋಟೆ ಇಷ್ಟು ಹತ್ತಿರದಲ್ಲಿ ಮತ್ತೆ ಏಳುತ್ತಿದೆಯೆಂಬ ಸುದ್ದಿಗೆ ಭಕ್ತ ಪೇಢೆ ಹಂಚಿದ. ಮಾದರಿ ವಿಡಿಯೊ ನೋಡಿ ಜಗತ್ತಿನ ಅಭಿಮಾನಿಗಳೆಲ್ಲ ಮುಖಗಳು ಗೊಂಬೆಯಂತಿವೆಯೆಂದು ಹೀಯಾಳಿಸಿದಾಗ, ಅದೇ ಮಾತನ್ನು ಹಿಂದಿನ ದಿನ ತಾನೇ ಆಡಿದ್ದನ್ನು ಮರೆತು, ನಮ್ಮ ಹುಡುಗರು ಮಾಡಿದ್ದಕ್ಕೆ ಹೀಗೆ ಆಡುತ್ತಾರೆಂದು ಜಗಳಕ್ಕೆ ನಿಂತ. ಬಿಡುಗಡೆ 2021ರ ಜನವರಿಯಿಂದ ಮಾರ್ಚಿಗೆ, ಮಾರ್ಚಿನಿಂದ ದಿನಾಂಕವೇ ಇಲ್ಲದ ಕಡೆಗೆ ಸರಿಯಿತು. 2022ರ ಮೇ ತಿಂಗಳಲ್ಲಿ ಕೆಲಸವನ್ನು ಪುಣೆ, ಮುಂಬೈಗಳಿಂದ ಕಿತ್ತು ಮಾಂಟ್ರಿಯಲ್ಲಿಗೆ ಒಪ್ಪಿಸಲಾಯಿತು. ಮೊದಲು ಹೇಳಿದ ತಿಂಗಳಿಗೆ ಸರಿಯಾಗಿ ಐದು ವರ್ಷವಾದಾಗ, 2026ರ ಜನವರಿಯಲ್ಲಿ, ಇಡೀ ಮರುನಿರ್ಮಾಣವನ್ನೇ ಕೈಬಿಟ್ಟಿದ್ದಾಗಿ ಕಂಪನಿ ಹೇಳಿತು.

ಆ ಸುದ್ದಿ ಬಂದ ಸಂಜೆ ಅವನು ಪುಣೆಯಲ್ಲಿರುವ ಸೋದರತ್ತೆಯ ಮಗನಿಗೆ ಫೋನು ಮಾಡಿದಾಗ ಪ್ರಸ್ತುತ ಲೇಖಕ ಪಕ್ಕದಲ್ಲಿದ್ದದ್ದು ಆಕಸ್ಮಿಕ. ಆ ಆಟವನ್ನು ಅವರಿಬ್ಬರೂ ಒಂದೇ ಗಣಕದಲ್ಲಿ ಆಡಿದ್ದರು: ಕೀಲಿಮಣೆ ಇವನ ಕೈಯಲ್ಲಿ, ಮೌಸ್ ಅವನ ಕೈಯಲ್ಲಿ, ಓಟ ಇವನದು, ಕತ್ತಿ ಅವನದು. ಮೊದಲ ಭಾಗದ ಕೊನೆಯಲ್ಲಿ ಕಾಲ ಪೂರ್ತಿ ಹಿಂದಕ್ಕೆ ಸುತ್ತಿಹೋಗಿ, ನಡೆದದ್ದೆಲ್ಲ ರಾಜಕುಮಾರನಿಗೆ ನೆನಪಿದ್ದು ಫರಾಹಳಿಗೆ ಏನೂ ನೆನಪಿರುವುದಿಲ್ಲ. ಶಾಕುಂತಲದಲ್ಲಿ ಮರೆತವನು ರಾಜ, ಇಲ್ಲಿ ಮರೆತವಳು ರಾಜಕುಮಾರಿ. ಯಾರು ನೀನೆಂದು ಆಕೆ ಕೇಳಿದಾಗ ಅವನು ಆಕೆಯ ಗುಟ್ಟಿನ ಮಾತನ್ನೇ ತನ್ನ ಹೆಸರೆಂದು ಹೇಳಿ ಹೊರಟುಹೋಗುತ್ತಾನೆ. ಭಕ್ತ ಫೋನಿನಲ್ಲಿ ಬೇರೇನೂ ಹೇಳದೆ, "ಕಾಕೊಲೂಕಿಯ" ಎಂದ.

ಸ್ಪೀಕರಿನಿಂದ ತುಸು ಹೊತ್ತು ಪುಣೆಯ ರಸ್ತೆಯ ಹಾರ್ನುಗಳಷ್ಟೇ ಕೇಳಿದವು. "ಏನಂದಿ ಅಣ್ಣಾ? ಯಾರ ಹೆಸರು ಅದು?" ಎಂಬ ದನಿ ಬಂತು. ಆಟದ ಹೆಸರು ಹೇಳಿದಾಗ, "ಆ ಗ್ವಾಡಿ ಮ್ಯಾಲ ಓಡೂದೇನು? ಎಷ್ಟು ವರ್ಷ ಆತೋ ಮಾರಾಯಾ, ನನಗ ಒಟ್ಟ ನೆನಪಿಲ್ಲ. ಅದರಾಗ ಕಡೀಕ ಏನಾಗ್ತಿತ್ತು, ಅಂವ ಸಾಯ್ತಿದ್ದಿಲ್ಲೇನು?"

ಭಕ್ತ ಕುರ್ಚಿ ಎಳೆದುಕೊಂಡು, ಗೋಡೆಗೆ ಒರಗಿ, ಕಾಲು ಚಾಚಿ ಕುಳಿತ. "ಹಂಗಲ್ಲ, ಹಂಗಾಗಲಿಲ್ಲ" ಎಂದು ಶುರುಮಾಡಿ ಮಹಾರಾಜನ ಕೋಟೆಯವರೆಗೆ ಬಂದಾಗ ಪ್ರಸ್ತುತ ಲೇಖಕ, ಯಾರೂ ಕೇಳದಿದ್ದರೂ, ಪದಕದ ವಿಷಯ ಮೊದಲೇ ಹೇಳಬೇಕೆಂದು ನೆನಪಿಸಿದ.