ನಾಳೆಯಿಂದ ಪೈಥಾನ್

ಲ್ಯಾಬಿನ ಬೆಂಚಿನ ಮುಂದೆ ಈ ಜೀವವಿಜ್ಞಾನಿಯಷ್ಟು ಮಡಿವಂತ ಇನ್ನೊಬ್ಬನಿಲ್ಲ. ಪಿಪೆಟ್ಟಿನ ತುದಿ ಎಲ್ಲಾದರೂ ತಾಗಿತೋ, ಬಿಸಾಡಿ ಹೊಸದು ಹಾಕುತ್ತಾನೆ. ಕಾಳಿನಷ್ಟಿರುವ ಮುಚ್ಚಳದ ಮೇಲೆ ತಾರೀಖು, ಸ್ಯಾಂಪಲ್, ಸಾಂದ್ರತೆ ಮೂರನ್ನೂ ಬರೆಯಬಲ್ಲ. ಕಂಟ್ರೋಲ್ ಇಲ್ಲದ ಪ್ರಯೋಗ ಕಂಡರೆ ಮುಖ ಸಿಂಡರಿಸುತ್ತಾನೆ. ಅದೇ ಮನುಷ್ಯ ಕೈಗವಸು ಕಳಚಿ ಕಂಪ್ಯೂಟರ್ ಮುಂದೆ ಕೂತನೆಂದರೆ ಮಡಿಯೆಲ್ಲ ಮಾಯ. ಸುಮಾರು 20,000 ಜೀನ್‌ಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು, ಒಂದು ಕಾಲಂ ಅಳಿಸಿ, ಇನ್ನೊಂದನ್ನು ಸಾರ್ಟ್ ಮಾಡಿ, ಕಣ್ಣಿಗೆ ಹಿಡಿಸದ ನಾಲ್ಕು ಸಾಲು ಕಿತ್ತು ‘ಫೈನಲ್’ ಎಂದು ಸೇವ್ ಮಾಡುತ್ತಾನೆ. ಸಂಜೆಗೆ ‘ಫೈನಲ್ 2’. ಗೈಡ್ ನೋಡಿದ ಮೇಲೆ ‘ನಿಜವಾದ ಫೈನಲ್’. ಯಾವುದರಿಂದ ಯಾವುದು ಹುಟ್ಟಿತೆಂಬ ವಂಶಾವಳಿ ಅವನಿಗೂ ಗೊತ್ತಿಲ್ಲ. ಪ್ರೋಗ್ರಾಮಿಂಗ್ ಕಲಿಯಬಾರದೇ ಎಂದರೆ, ಪೈಥಾನ್ ನಾಳೆಯಿಂದ ಶುರು.

ಈ ನಾಳೆಗೆ ಜಗತ್ತು ತೆತ್ತ ಬೆಲೆ ದಾಖಲಾಗಿದೆ. ‘ಸೆಪ್ಟ್2’ ಎಂಬ ಜೀನಿನ ಹೆಸರನ್ನು ಎಕ್ಸೆಲ್ ಸೆಪ್ಟೆಂಬರ್ 2 ಎಂದು ಓದಿಕೊಳ್ಳುತ್ತಿತ್ತು. ‘ಮಾರ್ಚ್1’ ಮಾರ್ಚ್ ತಿಂಗಳ ಮೊದಲ ದಿನವಾಗುತ್ತಿತ್ತು. 2004ರಲ್ಲೇ ಇದನ್ನು ಬರೆದು ಎಚ್ಚರಿಸಿದವರಿದ್ದರು. 2016ರಲ್ಲಿ ಎಣಿಸಿ ನೋಡಿದರೆ, ಜೀನ್ ಪಟ್ಟಿಯ ಎಕ್ಸೆಲ್ ಫೈಲು ಲಗತ್ತಿಸಿದ್ದ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಈ ಬಗೆಯ ತಪ್ಪು. ಕೊನೆಗೆ 2020ರಲ್ಲಿ ಜೀನ್‌ಗಳ ನಾಮಕರಣ ಸಮಿತಿ ಸೋತು, ಆ ಜೀನ್‌ಗಳನ್ನೇ ‘ಸೆಪ್ಟಿನ್2’, ‘ಮಾರ್ಚ್‌ಎಫ್1’ ಎಂದು ಕರೆಯಿತು. ಜೀವವಿಜ್ಞಾನಿಯ ಅಭ್ಯಾಸ ಬಿಡಿಸುವುದಕ್ಕಿಂತ ಜೀವದ ಹೆಸರು ಬದಲಿಸುವುದೇ ಸಲೀಸೆನಿಸಿರಬೇಕು! ಮೈಕ್ರೋಸಾಫ್ಟ್ 2023ರಲ್ಲಿ ಈ ಪರಿವರ್ತನೆಯನ್ನು ನಿಲ್ಲಿಸುವ ಆಯ್ಕೆ ಕೊಟ್ಟಿತು, ನಿಜ. ಅದನ್ನು ಹುಡುಕಿ ಒತ್ತಬೇಕಾದವನೂ ಇವನೇ.

‘ನಾನು ಬಯಾಲಜಿಯವನು, ಲೆಕ್ಕಕ್ಕೆ ಬೇರೆಯವರಿದ್ದಾರೆ’ ಎನ್ನುವುದು ಅವನ ಮೊದಲ ತಕರಾರು. ಆದರೆ ಆ ಬೇರೆಯವರ ಕಣ್ಣಿಗೆ ‘2-ಸೆಪ್’ ಬಿದ್ದರೆ, ಸ್ಯಾಂಪಲ್ ತೆಗೆದ ದಿನವಿರಬೇಕೆಂದು ಮುಂದೆ ಹೋಗುತ್ತಾರೆ. ಅಲ್ಲೊಂದು ಜೀನ್ ಕಾಣೆಯಾಗಿದೆ ಎಂದು ಬೆಚ್ಚಿಬೀಳಬಲ್ಲವನು ಇವನೊಬ್ಬನೇ. ಕೋಡ್‌ನಲ್ಲೂ ತಪ್ಪಾಗುವುದಿಲ್ಲವೇ ಎಂದರೆ, ಧಾರಾಳವಾಗಿ ಆಗುತ್ತದೆ. ಜೀನೋಮಿನ ಜಾಗ ಗುರುತಿಸುವಾಗ ಬೆಡ್ ಎಂಬ ಬಗೆಯ ಫೈಲು ಸೊನ್ನೆಯಿಂದ ಎಣಿಸುತ್ತದೆ, ಜಿಎಫ್‌ಎಫ್ ಒಂದರಿಂದ. ಬೆರೆಸಿದರೆ ಒಂದು ಅಕ್ಷರ ಆಚೀಚೆ. ಆದರೆ ಆ ತಪ್ಪು ಒಂದು ಸಾಲಿನಲ್ಲಿ ಬರಹವಾಗಿ ಕೂತಿರುತ್ತದೆ. ತಿದ್ದಿ ಇಡೀ ಲೆಕ್ಕವನ್ನು ಮತ್ತೆ ಓಡಿಸಬಹುದು. ಮೌಸ್ ಎಳೆದದ್ದಕ್ಕೆ ಕುರುಹೇ ಇಲ್ಲ. ಈಗ ಎಐ ಕೋಡ್ ಬರೆದುಕೊಡುತ್ತದಲ್ಲ ಎಂಬುದು ಹೊಸ ನೆಪ. ಬರೆದುಕೊಡಲಿ. ಉತ್ತರ ಮೊದಲೇ ಗೊತ್ತಿರುವ ಹತ್ತು ಸಾಲಿನ ಮೇಲೆ ಅದನ್ನು ಓಡಿಸಿ ನೋಡಬೇಕಾಗುತ್ತದೆ, ಅದಕ್ಕೆ ಬೆಂಚಿನ ಭಾಷೆಯಲ್ಲಿ ಕಂಟ್ರೋಲ್ ಎನ್ನುತ್ತಾರೆ. ಸ್ಕ್ರಿಪ್ಟ್ ಎಂದರೆ ಅವನು ದಿನವೂ ತುಂಬುವ ಲ್ಯಾಬ್ ನೋಟ್‌ಬುಕ್ಕೇ, ಕಂಪ್ಯೂಟರ್ ಓದುವಂತೆ ಬರೆದದ್ದು ಅಷ್ಟೆ. ಅರ್ಧ ವಿದ್ಯೆ ಆಗಲೇ ಕೈಯಲ್ಲಿರುವಾತ ಇಷ್ಟು ಅಂಜುವುದು ನೋಡಿದರೆ ಕನಿಕರವಾಗುತ್ತದೆ. ಆದರೆ ಕಲಿತನೋ, ಆ ಕನಿಕರವೂ ಉಳಿಯದು: ಐದು ಸಾಲಿನ ಪಟ್ಟಿಗೂ ಸ್ಕ್ರಿಪ್ಟ್ ಬರೆದು, ಪಕ್ಕದ ಬೆಂಚಿನವನನ್ನು ‘ಏನ್ರೀ, ಇನ್ನೂ ಎಕ್ಸೆಲ್ಲಾ?’ ಎಂದು ಕೇಳುವವನೂ ಇವನೇ.