ಪ್ಲೇಟು ನೋಡುವ ಜೀಪಣ್ಣ

ಹೆಣ್ಣು ನೋಡಲು ಹೋದ ದಿನವೇ ಒಪ್ಪಿ ತಾಂಬೂಲ ಬದಲಿಸಿಕೊಂಡು ಬಂದ ಮನುಷ್ಯ, ಜೀಪಿಗೆ ಸ್ಪ್ರಿಂಗ್ ಪ್ಲೇಟು ನೋಡಲು ಎರಡು ಮಳೆಗಾಲ ಕಳೆದರು ಎಂದರೆ ಬಯಲುಸೀಮೆಯವರು ನಂಬಲಿಕ್ಕಿಲ್ಲ. ಆನಂದಪುರದ ಕಡೆಯವರಿಗೆ ಇದರಲ್ಲಿ ಆಶ್ಚರ್ಯ ಪಡುವಂಥದ್ದು ಏನೂ ಇಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಊರಿಗೊಬ್ಬರಂತೆ ಜೀಪಣ್ಣ ಇದ್ದೇ ಇರುತ್ತಾರೆ. ತೋಟದ ಲೆಕ್ಕ ಹೆಂಡತಿಗೆ, ಸೊಸೈಟಿ ಸಾಲ ದೇವರಿಗೆ, ಫೋರ್‌ವೀಲ್ ಜೀಪು ಮಾತ್ರ ತನಗೆ ಎಂದು ಸಂಸಾರವನ್ನು ಪಾಲು ಮಾಡಿಕೊಂಡವರು.

ಇವರನ್ನು ಗುರುತಿಸುವುದು ಸುಲಭ. ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ ಉಗುರಿನ ಸಂದಿಯಲ್ಲಿ ಗ್ರೀಸು. ರಸ್ತೆಯಲ್ಲಿ ಯಾರದೋ ಗಾಡಿ ಹೋದರೆ ಮಾತು ನಿಲ್ಲಿಸಿ ಕಿವಿಗೊಟ್ಟು, 'ಕ್ರಾಸ್ ಹೋಗಿದೆ' ಎಂದು ತೀರ್ಪು ಕೊಡುತ್ತಾರೆ. ಜೀಪನ್ನು ತೊಳೆಯುವುದಿಲ್ಲ, ಕೆಸರು ಹತ್ತಿದ್ದರೆ ತುಕ್ಕು ಹಿಡಿಯುವುದಿಲ್ಲವಂತೆ. ಜೀಪು ಕೇಳಿದರೆ ಕೊಡುವುದಿಲ್ಲ, ಆದರೆ ನಡುರಾತ್ರಿ ಎಬ್ಬಿಸಿದರೂ ತಾವೇ ಓಡಿಸಿಕೊಂಡು ಬರುತ್ತಾರೆ. ಚಂಪಕ ಸರಸ್ಸು ನೋಡಬೇಕೆಂದು ದೂರದಿಂದ ಬಂದ ನೆಂಟರು ಮೊದಲು ಜೀಪಿನ ಅಡಿಭಾಗ ನೋಡಿಯೇ ಮುಂದೆ ಹೋಗಬೇಕು.

ನನ್ನ ಪಾಲಿಗೆ ಬಂದ ಜೀಪಣ್ಣನದು ಹಸಿರು ಬಣ್ಣದ ಮಹೀಂದ್ರ ಎಂಎಂ 540. ಇದಕ್ಕೆ ಮುಂದೆಯೂ ಪ್ಲೇಟು, ಹಿಂದೆಯೂ ಪ್ಲೇಟು. ಯುದ್ಧಕಾಲದ ವಿಲ್ಲೀಸ್ ಜೀಪಿನಿಂದ ಬಂದ ವಂಶಗುಣ ಅದು. ಕಿವಿ ಮಡಚಿದ ಮೇನ್ ಪ್ಲೇಟು ಎಲ್ಲಕ್ಕಿಂತ ಉದ್ದ, ಅದರ ಕೆಳಗೆ ಒಂದಕ್ಕಿಂತ ಒಂದು ಗಿಡ್ಡ, ನಡುವೆ ಒಂದು ಸೆಂಟರ್ ಬೋಲ್ಟು, ಎಲ್ಲವನ್ನೂ ಆಕ್ಸಲ್ಲಿಗೆ ತಬ್ಬಿ ಹಿಡಿಯಲು ಯು ಬೋಲ್ಟು. ವರ್ಷಗಟ್ಟಲೆ ಹೊರೆ ಹೊತ್ತರೆ ಪ್ಲೇಟಿನ ಕಮಾನು ಇಳಿಯುತ್ತದೆ. ಮೆಕ್ಯಾನಿಕ್ಕುಗಳು 'ಪ್ಲೇಟು ಕೂತಿದೆ' ಎನ್ನುತ್ತಾರೆ. ಜೀಪಣ್ಣನ ಪ್ಲೇಟು ಕೂತದ್ದೇ ಕೂತದ್ದು, ಅವರನ್ನು ಕೂರಲು ಬಿಡಲಿಲ್ಲ.

ಹಳೆಯದನ್ನೇ ಕಾಯಿಸಿ ಕಮಾನು ಏರಿಸಬಹುದಲ್ಲ ಎಂದೆ. 'ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದ ಮಾಡ್ಬೇಕು ಮಾರಾಯ. ಬರೀ ಸುತ್ತಿಗೆಯಲ್ಲಿ ಬಡಿದು ಕೊಟ್ರೆ ಮಳೆಗಾಲ ಮುಗಿಯೋದ್ರೊಳಗೆ ಮತ್ತೆ ಕೂರ್ತದೆ' ಎಂದರು. ಮಾತು ನಿಜವೇ. ಹೊಸದನ್ನೇ ಕೊಳ್ಳಿ ಎಂದರೆ ಯಾವ ಹೊಸದು? ಕೊಡಚಾದ್ರಿಗೆ ಜನ ಹೊಡೆಯುವ ಜೀಪಿನವರನ್ನು ಕೇಳಲು ನಿಟ್ಟೂರಿಗೆ ಹೋದರು. ಕಲ್ಲಿನ ದಾರಿಗೆ ಮೆತ್ತಗಿನ ಪ್ಲೇಟೇ ಬೇಕು ಎಂದು ಒಬ್ಬ, ಹಿಂದೆ ಎಂಟು ಜನ ಕೂತರೆ ಇನ್ನೊಂದು ಪ್ಲೇಟು ಸೇರಿಸಲೇಬೇಕು ಎಂದು ಇನ್ನೊಬ್ಬ. ರಿಪ್ಪನ್‌ಪೇಟೆಯ ಲಾರಿ ಡ್ರೈವರೊಬ್ಬ ದಪ್ಪ ಪ್ಲೇಟು ಹಾಕಿಬಿಡಿ ಎಂದ. ದಪ್ಪ ಎರಡರಷ್ಟಾದರೆ ಬಿಗಿ ಎಂಟರಷ್ಟಾಗುತ್ತದೆ, 6 ಮಿಲಿಮೀಟರಿನ ಜಾಗದಲ್ಲಿ 7 ಹಾಕಿದರೂ ಒಂದೂವರೆ ಪಟ್ಟು ಗಡುಸು ಎಂದು ನಾನು ಮೊಮ್ಮಗನ ಪಠ್ಯಪುಸ್ತಕದ ಬಲದಿಂದ ಹೇಳಿದೆ. ಜೀಪಣ್ಣ ನನ್ನನ್ನು ಮೊದಲ ಸಲ ಗೌರವದಿಂದ ನೋಡಿದರು. ನನ್ನ ಕಷ್ಟ ಶುರುವಾದದ್ದು ಅಲ್ಲಿಂದ.

'ಶಿವಮೊಗ್ಗಕ್ಕೆ ಹೋಗಿ ಬರಾಣ ಬಾ' ಎಂದು ಒಂದು ಬೆಳಿಗ್ಗೆ ಹಾರ್ನ್ ಹೊಡೆದರು. ಲೆಕ್ಕ ಬಲ್ಲವನೆಂದು ಕರೆದಿದ್ದಾರೆ, ಜೊತೆಗೆ ಒಂದು ಮಸಾಲೆದೋಸೆಯೂ ಆದೀತು ಎಂದು ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹತ್ತಿದೆ. ಬಿ.ಎಚ್. ರಸ್ತೆಯ ಉದ್ದಕ್ಕೂ ಅವರು ಸ್ಟೀಲಿನ ಜಾತಿ ವಿವರಿಸಿದರು. ಪ್ಲೇಟಿನ ಅಂಗಡಿಯ ಎದುರು ಜೀಪು ನಿಲ್ಲಿಸಿ, 'ನೀನು ಹಿಂದೆ ಹೋಗಿ ಕೂರು' ಎಂದರು. ಕೂತೆ. ಅವರು ಸೀಮೆಸುಣ್ಣದಿಂದ ಮಡ್‌ಗಾರ್ಡಿಗೆ ಗೆರೆ ಹಾಕಿ, ಟೇಪು ಹಿಡಿದು ಆಕ್ಸಲ್ಲಿನಿಂದ ಬಂಪ್ ರಬ್ಬರಿನವರೆಗೆ ಅಳೆದರು. 'ಎಡಕ್ಕೆ ಸರಿ.' ಸರಿದೆ. 'ಈಗ ಬಲಕ್ಕೆ.' ಸರಿದೆ. 'ಇಳಿದು ಮತ್ತೆ ಹತ್ತು. ಮೆಲ್ಲಗೆ ಹತ್ತು ಮಾರಾಯ, ಧಡಕ್ಕಂತ ಅಲ್ಲ.' ಅಂಗಡಿಯ ಹುಡುಗರು ಕೆಲಸ ಬಿಟ್ಟು ಬಂದು ನಿಂತರು. ಅವರಲ್ಲೊಬ್ಬ ನನ್ನ ಮುಂದೆಯೇ, ನನ್ನನ್ನಲ್ಲ, ಅವರನ್ನು ಕೇಳಿದ: 'ಇವ್ರು ಎಷ್ಟು ಕೆಜಿ ಬರ್ತಾರೆ?'

'ಒಂದು ಚೀಲ ಚಾಲಿ, ಮೇಲೊಂದು ಹತ್ತು ಕೆಜಿ ಹಿಡಿ' ಎಂದರು ಜೀಪಣ್ಣ.

ನಾನು ಲೆಕ್ಕ ಬಲ್ಲವನಲ್ಲ, ಲೋಡು ಎಂದು ಆಗ ತಿಳಿಯಿತು. ಆಮೇಲೆ ಅವರು ಒಂದೊಂದೇ ಪ್ಲೇಟನ್ನು ಎತ್ತಿ ಸ್ಪ್ಯಾನರಿನಿಂದ ತಟ್ಟಿ ಕಣ್ಣು ಮುಚ್ಚಿ ಕೇಳಿದರು. ಸಂಗೀತ ಕಚೇರಿಯಲ್ಲಿ ಅವರು ಇಷ್ಟು ಮೈಮರೆತು ಕೂತದ್ದನ್ನು ನಾನು ಕಂಡಿಲ್ಲ. ಮಧ್ಯಾಹ್ನ ಮೂರಕ್ಕೆ, 'ಸ್ಟೀಲು ಯಾಕೋ ಮನಸ್ಸಿಗೆ ಬರಲಿಲ್ಲ' ಎಂದು ಖಾಲಿ ಕೈಯಲ್ಲಿ ಹೊರಟರು. ಆ ಹೊತ್ತಿಗೆ ಹೋಟೆಲಿನಲ್ಲಿ ದೋಸೆ ಇರಲಿಲ್ಲ, ಬನ್ನು ಇತ್ತು.

ಕೊನೆಗೆ ಗುಟ್ಟು ಹೊರಬಿದ್ದದ್ದು ಊರಿನ ಗ್ಯಾರೇಜಿನಲ್ಲೇ. ಜೀಪು ಬಲಕ್ಕೆ ವಾಲುತ್ತದೆ ಎಂದು ಇವರ ದೂರು. ಹುಡುಗ ಅಡಿಯಲ್ಲಿ ಮಲಗಿ ನೋಡಿ ಅಲ್ಲಿಂದಲೇ ಹೇಳಿದ: 'ಬಲಗಡೆ ಮಾತ್ರ ಪೂರಾ ಕೂತಿದೆ ಅಣ್ಣಾ. ಎಡಗಡೆ ಪರವಾಗಿಲ್ಲ. ಯಾವಾಗ್ಲೂ ನೀವೊಬ್ರೇ ಓಡಾಡ್ತೀರಲ್ಲ!' ಜೀಪಣ್ಣ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಸ್ಟೀಲನ್ನು ಬೈದರು.

ಈ ಜೀಪಿನಲ್ಲಿ ದಿಬ್ಬಣಗಳು ಹೋಗಿದ್ದವು. ಗೊಬ್ಬರ, ಅಡಿಕೆ ಚೀಲ, ಶಾಲೆಯ ಮಕ್ಕಳು. ಹಳ್ಳ ತುಂಬಿದ ರಾತ್ರಿ ಹೆರಿಗೆ ನೋವಿನ ಹೆಂಗಸರನ್ನು ಸಾಗರದ ಆಸ್ಪತ್ರೆಗೆ ಮುಟ್ಟಿಸಿದ್ದೂ ಇದೇ. ಈಗ ಹಳ್ಳಕ್ಕೆ ಸೇತುವೆಯಾಗಿದೆ, ಮನೆಮನೆಗೆ ಕಾರು ಬಂದಿದೆ, ಮಗ ಬೆಂಗಳೂರಿನಲ್ಲಿ. ಪ್ಲೇಟು ಆರಿಸುವುದೆಂದರೆ ಇನ್ನು ಮುಂದೆ ಜೀಪಿನಲ್ಲಿ ಯಾರು ಕೂರುತ್ತಾರೆಂದು ಹೇಳಬೇಕು. ಎರಡು ಮಳೆಗಾಲ ಯಾಕೆ ಬೇಕಾಯಿತೆಂದು ನನಗೆ ಆಗ ಸ್ವಲ್ಪ ಅರ್ಥವಾಯಿತು. ಬನ್ನಿನ ಸಿಟ್ಟು ಮಾತ್ರ ಹೋಗಿರಲಿಲ್ಲ.

ಕೊನೆಗೂ ಕೊಂಡರು. ಯಾವುದನ್ನು? ಹತ್ತು ಜನರ ಲೋಡಿನದನ್ನು! ಹಳೆಯ ಯು ಬೋಲ್ಟು ಬೇಡವೆಂದು ಹೊಸದೇ ಹಾಕಿಸಿದರು. ಜೀಪು ಚಕ್ರದ ಮೇಲೆ ನೆಲಕ್ಕಿಳಿದ ಮೇಲೆಯೇ ಶ್ಯಾಕಲ್ ಪೂರ್ತಿ ಬಿಗಿಯಬೇಕು, ಇಲ್ಲದಿದ್ದರೆ ಬುಷ್ ತಿರುಚಿ ಹರಿಯುತ್ತದೆ ಎಂದು ಹುಡುಗನ ಪಕ್ಕದಲ್ಲೇ ನೆಲದ ಮೇಲೆ ಮಲಗಿ ಉಸ್ತುವಾರಿ ಮಾಡಿದರು. ಹಳೆಯ ಪ್ಲೇಟೊಂದು ಆಚಾರಿಯ ಕುಲುಮೆಗೆ ಹೋಗಿ ಕತ್ತಿಯಾಗಿ ಬಂತು. 'ನಿಮ್ಮಣ್ಣನ ಜೀಪಿನಿಂದ ಮನೆಗೆ ಆದ ಉಪಯೋಗ ಇದೊಂದೇ' ಎಂದು ಅತ್ತಿಗೆ ಅದರಲ್ಲಿ ಹಲಸಿನಕಾಯಿ ಕೊಯ್ಯುತ್ತಾರೆ. ಖಾಲಿ ಜೀಪು ಈಗ ಹಂಪು ಕಂಡಲ್ಲೆಲ್ಲ ಕುಪ್ಪಳಿಸುವುದರಿಂದ ಅವರು ಸಾಗರಕ್ಕೆ ಬಸ್ಸಿನಲ್ಲೇ ಹೋಗುತ್ತಾರೆ.

ಆದ್ದರಿಂದ ಆನಂದಪುರದಿಂದ ರಿಪ್ಪನ್‌ಪೇಟೆ ಕಡೆಗೆ ಹೋಗುವವರಲ್ಲಿ ಒಂದು ಕೋರಿಕೆ. ಬಸ್ಸಿಗೆ ಕಾಯುತ್ತಿರುವಾಗ ಹಸಿರು ಜೀಪೊಂದು ತಾನಾಗಿ ಬಂದು ನಿಂತರೆ ಸಂಕೋಚ ಪಡದೆ ಹತ್ತಿ. ಬಾಡಿಗೆ ಕೇಳುವುದಿಲ್ಲ. ಎಡಗಡೆಗೇ ಕೂರಿ. ತೂಕ ಕೇಳಿದರೆ ಸ್ವಲ್ಪ ಹೆಚ್ಚೇ ಹೇಳಿ.